ಬಿಟ್ಟುಹೋದ ಹತ್ತನೆಯವನು

ಹತ್ತು ಮಂದಿ ಗೆಳೆಯರು ಪರವೂರಿಗೆ ಹೊರಟಿದ್ದರು. ದಾರಿಗೆ ಅಡ್ಡವಾಗಿ ಒಂದು ಹೊಳೆ. ಮಳೆಗಾಲ, ನೀರು ಎದೆಮಟ್ಟ. ಒಬ್ಬರ ಕೈ ಒಬ್ಬರು ಹಿಡಿದು ಹೇಗೋ ಆಚೆ ದಡ ಮುಟ್ಟಿದರು. ಎಲ್ಲರೂ ಬಂದೆವೇ ನೋಡೋಣ ಎಂದು ಒಬ್ಬ ಎಣಿಸಿದ. ಒಂಬತ್ತೇ ಆಯಿತು. ಇನ್ನೊಬ್ಬ ಎಣಿಸಿದ. ಅವನಿಗೂ ಒಂಬತ್ತು. ಹತ್ತೂ ಮಂದಿ ಸರದಿಯಂತೆ ಎಣಿಸಿದರೂ ಲೆಕ್ಕ ಒಂಬತ್ತನ್ನು ದಾಟಲಿಲ್ಲ. ಒಬ್ಬ ಹೊಳೆಯ ಪಾಲಾದ ಎಂದು ತಲೆ ಚಚ್ಚಿಕೊಂಡು ಅಳತೊಡಗಿದರು. ಆ ದಾರಿಯಾಗಿ ಬಂದ ಹಿರಿಯನೊಬ್ಬ ಇವರ ಗೋಳು ಕೇಳಿದ, ಕಣ್ಣಲ್ಲೇ ಎಣಿಸಿದ, ‘ಅಳಬೇಡಿ, ಹತ್ತನೆಯವನು ಇದ್ದಾನೆ’ ಎಂದ. ಆಮೇಲೆ ಒಬ್ಬನನ್ನು ಹತ್ತಿರ ಕರೆದು ‘ಎಲ್ಲಿ, ಈಗ ಎಣಿಸು’ ಎಂದ. ಅವನು ಒಂಬತ್ತಕ್ಕೆ ಬಂದು ನಿಂತ ಕೂಡಲೇ ಅವನ ಬೆರಳನ್ನು ಅವನ ಎದೆಯ ಕಡೆಗೇ ತಿರುಗಿಸಿ, ‘ಹತ್ತನೆಯವನು ನೀನೇ ಕಣಪ್ಪ’ ಎಂದ. ಅಳು ನಿಂತಿತು.

ಮಕ್ಕಳಿಗೆ ಇದು ನಗೆಗತೆ. ವೇದಾಂತಿಗಳಿಗೆ ಇದು ಇಡೀ ಜ್ಞಾನಮಾರ್ಗದ ನಕ್ಷೆ. ಶಂಕರಾಚಾರ್ಯರು ತಮ್ಮ ‘ಉಪದೇಶಸಾಹಸ್ರಿ’ಯಲ್ಲಿ ಈ ಹತ್ತನೆಯವನನ್ನು ನೆನೆಯುತ್ತಾರೆ. ಅವರ ಶಿಷ್ಯರಾದ ಸುರೇಶ್ವರರೂ ನೆನೆಯುತ್ತಾರೆ. 14ನೆಯ ಶತಮಾನದಲ್ಲಿ ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ಪಂಚದಶೀ’ ಎಂಬ ಗ್ರಂಥದಲ್ಲಿ 15 ಪ್ರಕರಣಗಳಿವೆ. ಏಳನೆಯದಾದ ‘ತೃಪ್ತಿದೀಪ’ದಲ್ಲಿ ಈ ಕಥೆಯ ಎಳೆ ಎಳೆಯನ್ನೂ ಬಿಡಿಸಿ ತೋರಿಸಿದ್ದಾರೆ. ಜ್ಞಾನಮಾರ್ಗವೆಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಕಥೆಯನ್ನೇ ಹೇಳುವವನು. ಇವತ್ತು ನಿಮ್ಮ ಮುಂದೆಯೂ ಇದನ್ನೇ ಹಿಡಿದು ನಾಲ್ಕು ಮಾತು ಆಡುತ್ತೇನೆ.

ನಮ್ಮ ಪರಂಪರೆಯಲ್ಲಿ ಶ್ರೇಯಸ್ಸಿನ ದಾರಿಗಳು ಹಲವು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಶ್ರೀಕೃಷ್ಣ ಉದ್ಧವನಿಗೆ ಮೂರು ಯೋಗಗಳನ್ನು ಹೇಳುತ್ತಾನೆ: ಜ್ಞಾನ, ಕರ್ಮ, ಭಕ್ತಿ. ಕರ್ಮಗಳಲ್ಲಿ ಬೇಸರ ಬಂದು ಬಿಟ್ಟವರಿಗೆ ಜ್ಞಾನ, ಇನ್ನೂ ಆಸೆಯಿರುವವರಿಗೆ ಕರ್ಮ, ತೀರ ವಿರಕ್ತರೂ ಅಲ್ಲದೆ ತೀರ ಆಸಕ್ತರೂ ಅಲ್ಲದೆ ಭಗವಂತನ ಕಥೆಯಲ್ಲಿ ಶ್ರದ್ಧೆ ಹುಟ್ಟಿದವರಿಗೆ ಭಕ್ತಿ. ಇವುಗಳ ಜೊತೆಗೆ ಧ್ಯಾನಪ್ರಧಾನವಾದ ರಾಜಯೋಗವನ್ನೂ ಸೇರಿಸಿ ನಾಲ್ಕು ಎಂದು ಎಣಿಸುವ ರೂಢಿ ನಮ್ಮ ಕಾಲಕ್ಕೆ ಸ್ವಾಮಿ ವಿವೇಕಾನಂದರಿಂದ ಬಲವಾಗಿ ಬೇರೂರಿತು. 1896ರಲ್ಲಿ ಲಂಡನ್ನಿನಲ್ಲಿ ಅವರು ಜ್ಞಾನಯೋಗದ ಮೇಲೆ ಮಾಡಿದ ಉಪನ್ಯಾಸಗಳನ್ನು ಇವತ್ತಿಗೂ ಜನ ಓದುತ್ತಾರೆ.

ಈ ದಾರಿಗಳಲ್ಲಿ ಜ್ಞಾನಮಾರ್ಗವೆಂದರೆ ಜನಕ್ಕೆ ಸ್ವಲ್ಪ ಅಂಜಿಕೆ. ಅದು ಪಂಡಿತರದು, ಸಂನ್ಯಾಸಿಗಳದು, ಸಂಸ್ಕೃತ ಬಲ್ಲವರದು; ನಮ್ಮಂಥವರಿಗೆ ಒಂದು ನಮಸ್ಕಾರ, ಒಂದು ಭಜನೆ ಸಾಕು ಎನ್ನುತ್ತಾರೆ. ಭಜನೆ ದೊಡ್ಡದೇ, ಅದರಲ್ಲಿ ಸಂಶಯವಿಲ್ಲ. ಆದರೆ ಜ್ಞಾನಮಾರ್ಗದ ಬಾಗಿಲು ಇರುವುದು ಕಿವಿಯಲ್ಲಿ. ಕೇಳಬಲ್ಲ ಯಾರಿಗೂ ಆ ಬಾಗಿಲು ಮುಚ್ಚಿಲ್ಲ ಎಂಬುದೇ ನಾನು ಇವತ್ತು ಹೇಳಬೇಕಾದ ಮಾತು.

ಮೊದಲು, ಇಲ್ಲಿ ಜ್ಞಾನವೆಂದರೆ ಯಾವುದು? ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ನಾರದರು ಸನತ್ಕುಮಾರರ ಬಳಿಗೆ ಶಿಷ್ಯನಾಗಿ ಬರುತ್ತಾರೆ. ‘ನಿನಗೆ ಈಗಾಗಲೇ ಏನೇನು ಗೊತ್ತು, ಅದನ್ನು ಹೇಳು’ ಎಂದು ಗುರು ಕೇಳಿದಾಗ ನಾರದರು ಪಟ್ಟಿ ಒಪ್ಪಿಸುತ್ತಾರೆ. ನಾಲ್ಕು ವೇದ, ಇತಿಹಾಸ ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಸರ್ಪವಿದ್ಯೆ, ಲಲಿತಕಲೆಗಳು, ಹೀಗೆ ಅದು ಉದ್ದಕ್ಕೆ ಸಾಗುತ್ತದೆ. ಪಟ್ಟಿ ಮುಗಿಸಿ ಅವರು ಹೇಳುವ ಮಾತು ಮಾತ್ರ ಎದೆಗೆ ತಾಗುತ್ತದೆ. ನನಗೆ ಶಬ್ದಗಳು ಗೊತ್ತು, ಆತ್ಮ ಗೊತ್ತಿಲ್ಲ. ಆತ್ಮವನ್ನು ತಿಳಿದವನು ಶೋಕವನ್ನು ದಾಟುತ್ತಾನೆ ಎಂದು ನಿಮ್ಮಂಥವರಿಂದ ಕೇಳಿದ್ದೇನೆ. ನಾನು ಶೋಕದಲ್ಲಿದ್ದೇನೆ, ದಾಟಿಸಿ ಎಂದು ಕೇಳಿಕೊಳ್ಳುತ್ತಾರೆ. ಇಷ್ಟೆಲ್ಲ ಬಲ್ಲವರಿಗೂ ದುಃಖ ತೀರಿರಲಿಲ್ಲ. ನಾರದರು ಲೋಕದಲ್ಲಿರುವುದನ್ನೆಲ್ಲ ಎಣಿಸಿದ್ದರು, ಎಣಿಸುವ ನಾರದ ಒಬ್ಬ ಲೆಕ್ಕದಿಂದ ಹೊರಗೇ ಉಳಿದಿದ್ದ. ಅಂಗೈಯ ಮೊಬೈಲಿನಲ್ಲಿ ಜಗತ್ತಿನ ಸಮಾಚಾರವೆಲ್ಲ ಸಿಗುವ ನಮ್ಮ ಕಾಲಕ್ಕೆ ಈ ನಾರದರು ಬಹಳ ಹತ್ತಿರದವರು.

ಆತ್ಮಜ್ಞಾನದಿಂದ ಹೊಸದೇನೂ ಕೈಗೆ ಬರುವುದಿಲ್ಲ. ಕೇಳುವುದಕ್ಕೆ ವಿಚಿತ್ರವಾದ ಮಾತು ಇದು; ಆದರೆ ಈ ಮಾರ್ಗದ ಬೆನ್ನೆಲುಬೇ ಇಲ್ಲಿದೆ. ಶಂಕರರು ಹೇಳುವಂತೆ ಯಾವ ಕರ್ಮದಿಂದಲೂ ನಾಲ್ಕು ಬಗೆಯ ಫಲ ಮಾತ್ರ ಸಾಧ್ಯ. ಇಲ್ಲದ್ದನ್ನು ಮಾಡಬಹುದು, ಕುಂಬಾರ ಮಡಕೆ ಮಾಡಿದ ಹಾಗೆ. ದೂರವಿದ್ದುದನ್ನು ಮುಟ್ಟಬಹುದು, ನಡೆದು ಊರು ಸೇರಿದ ಹಾಗೆ. ಇದ್ದುದನ್ನು ಬದಲಾಯಿಸಬಹುದು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಕೊಳೆಯಾದುದನ್ನು ಶುದ್ಧ ಮಾಡಬಹುದು, ಹುಣಸೆಹಣ್ಣು ಹಚ್ಚಿ ತಾಮ್ರದ ಚೊಂಬು ಬೆಳಗಿದ ಹಾಗೆ. ಈಗ ನಮ್ಮ ಹತ್ತನೆಯವನ ಹತ್ತಿರ ಬನ್ನಿ. ಅವನನ್ನು ಹೊಸದಾಗಿ ಹುಟ್ಟಿಸಬೇಕೇ? ಹೊಳೆಗೆ ಧುಮುಕಿ ಎತ್ತಿ ತರಬೇಕೇ? ಉಳಿದ ಒಂಬತ್ತರಲ್ಲಿ ಒಬ್ಬನನ್ನು ಹತ್ತನೆಯವನನ್ನಾಗಿ ಬದಲಿಸಬೇಕೇ? ಮೈ ತೊಳೆದು ತೋರಿಸಬೇಕೇ? ಇವುಗಳಲ್ಲಿ ಯಾವುದಕ್ಕೂ ಅಲ್ಲಿ ಕೆಲಸವಿಲ್ಲ. ಅವನು ಅಳುತ್ತಿದ್ದಾಗಲೂ ಹತ್ತನೆಯವನೇ ಆಗಿದ್ದ. ಆದ್ದರಿಂದ ಅಲ್ಲಿ ಬೇಕಾದದ್ದು ತಿಳಿವಳಿಕೆ ಒಂದೇ. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡು ಬೆವರಿದವನಿಗೆ ಕೋಲಿಗಿಂತ ದೀಪ ಬೇಕು. ಅಂಥ ದೀಪವೇ ಜ್ಞಾನ.

ಹಾಗಾದರೆ ಕರ್ಮ, ಭಕ್ತಿ, ಧ್ಯಾನಗಳಿಗೆ ಏನು ಬೆಲೆ ಎಂದು ನೀವು ಕೇಳಬಹುದು. ಬಹಳ ಬೆಲೆಯಿದೆ. ಗಾಳಿಗೆ ಹೊಯ್ದಾಡುವ ದೀಪದಲ್ಲಿ ಹಗ್ಗವೂ ಸರಿಯಾಗಿ ಕಾಣುವುದಿಲ್ಲ. ಫಲದ ಆಸೆಯಿಲ್ಲದ ಕರ್ಮದಿಂದ ಮನಸ್ಸಿನ ಕೊಳೆ ಹೋಗುತ್ತದೆ, ಉಪಾಸನೆಯಿಂದ ಅದರ ಹೊಯ್ದಾಟ ನಿಲ್ಲುತ್ತದೆ. ಅದ್ವೈತದ ಆಚಾರ್ಯರು ಈ ಸಿದ್ಧತೆಯನ್ನು ಸಾಧನಚತುಷ್ಟಯ ಎಂದು ಕರೆದರು. ನಿತ್ಯ ಯಾವುದು, ಅನಿತ್ಯ ಯಾವುದು ಎಂಬ ವಿವೇಕ. ಅನಿತ್ಯದ ಬೆನ್ನು ಹತ್ತದ ವೈರಾಗ್ಯ. ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಎಂಬ ಆರು ಗುಣಗಳು. ಎಂದರೆ ಮನಸ್ಸನ್ನೂ ಇಂದ್ರಿಯಗಳನ್ನೂ ಹಿಡಿತದಲ್ಲಿಟ್ಟುಕೊಂಡು, ಹೊರಗಿನ ಎಳೆತದಿಂದ ಹಿಂದೆಗೆದು, ಚಳಿಬಿಸಿಲು ಮಾನಾಪಮಾನಗಳನ್ನು ಸಹಿಸಿ, ಹೇಳುವವರ ಮಾತಿನಲ್ಲಿ ನಂಬಿಕೆಯಿಟ್ಟು, ಚಿತ್ತವನ್ನು ಒಂದೆಡೆ ನಿಲ್ಲಿಸುವುದು. ನಾಲ್ಕನೆಯದು ಮುಮುಕ್ಷುತ್ವ, ಬಿಡುಗಡೆಯಾಗಲೇಬೇಕೆಂಬ ತವಕ. ಹೊಳೆಯ ದಡದಲ್ಲಿ ಆ ಹತ್ತು ಮಂದಿ ಅಳುತ್ತಿದ್ದುದಕ್ಕೇ ಹಿರಿಯನ ಮಾತು ಅವರೊಳಗೆ ಇಳಿಯಿತು. ಹೋದರೆ ಒಬ್ಬ ಹೋದ ಎಂದು ಬುತ್ತಿ ಬಿಚ್ಚಿ ಕೂತವರ ಕಿವಿಗೆ ಯಾವ ಉಪದೇಶವೂ ಬೀಳುತ್ತಿರಲಿಲ್ಲ.

ಭಗವದ್ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನ ಯಾವುದು ಎಂದು ಕೃಷ್ಣ ಒಂದೊಂದಾಗಿ ಎಣಿಸುತ್ತಾನೆ. ಆ ಪಟ್ಟಿಯಲ್ಲಿ ಮೊದಲು ನಿಲ್ಲುವ ಗುಣ ಹಮ್ಮಿಲ್ಲದಿರುವುದು. ಡಂಭವಿಲ್ಲದಿರುವುದು, ಅಹಿಂಸೆ, ಕ್ಷಮೆ, ನೇರ ನಡತೆ ಅದರ ಹಿಂದೆ ಬರುತ್ತವೆ. ಜ್ಞಾನವನ್ನು ಕೇಳಿದರೆ ಭಗವಂತ ನಡತೆಯನ್ನು ಹೇಳುತ್ತಾನೆ. ಜ್ಞಾನಮಾರ್ಗ ಒಣ ತರ್ಕದ ದಾರಿ ಎಂದು ಹೆದರುವವರು ಆ ನಾಲ್ಕೈದು ಶ್ಲೋಕಗಳನ್ನು ಒಮ್ಮೆ ಓದಬೇಕು.

ಇನ್ನು ‘ತೃಪ್ತಿದೀಪ’ ತೋರಿಸುವ ಏಳು ಅವಸ್ಥೆಗಳು. ಹತ್ತನೆಯವನು ಯಾರೆಂದು ತಿಳಿಯದಿರುವುದು ಅಜ್ಞಾನ. ಅವನು ಕಾಣಿಸುವುದಿಲ್ಲ, ಅವನು ಇಲ್ಲ ಎನ್ನುವುದು ಆವರಣ. ಸತ್ತನೆಂದು ಅಳುವುದು ವಿಕ್ಷೇಪ. ‘ಹತ್ತನೆಯವನು ಇದ್ದಾನೆ’ ಎಂಬ ಮಾತಿನಿಂದ ಆದದ್ದು ಪರೋಕ್ಷಜ್ಞಾನ. ‘ನೀನೇ’ ಎಂದಾಗ ಆದದ್ದು ಅಪರೋಕ್ಷಜ್ಞಾನ. ಆಮೇಲೆ ಶೋಕ ನಿಂತಿತು. ಕೊನೆಗೆ ತೃಪ್ತಿ.

ಇವುಗಳಲ್ಲಿ ನಾಲ್ಕನೆಯದರಿಂದ ಐದನೆಯದಕ್ಕೆ ದಾಟುವ ಹೆಜ್ಜೆಯ ಹತ್ತಿರ ನಾವು ತುಸು ನಿಲ್ಲಬೇಕು. ‘ಇದ್ದಾನೆ’ ಎಂಬ ಮಾತಿಗೂ ‘ನೀನೇ’ ಎಂಬ ಮಾತಿಗೂ ನಡುವೆ ನಮ್ಮಲ್ಲಿ ಎಷ್ಟೋ ಮಂದಿಯ ಆಯುಸ್ಸೇ ಕಳೆದುಹೋಗುತ್ತದೆ. ದೇವರು ಇದ್ದಾನೆ, ಆತ್ಮ ಇದೆ ಎಂದು ನಂಬುತ್ತೇವೆ. ಆ ನಂಬಿಕೆಯೂ ಸಣ್ಣದಲ್ಲ. ಹಿರಿಯನ ಮೊದಲ ಮಾತಿಗೇ ಆ ಗೆಳೆಯರ ಉಸಿರು ಅರ್ಧ ತಿರುಗಿತ್ತು. ಆದರೂ ಅವರ ಕಣ್ಣು ಇನ್ನೂ ಹೊಳೆಯ ಕಡೆಗೇ ಇತ್ತು. ಕಣ್ಣನ್ನು ಅಲ್ಲಿಂದ ತಿರುಗಿಸಲು ಎರಡನೆಯ ಮಾತು ಬೇಕಾಯಿತು.

ಆ ಎರಡನೆಯ ಮಾತು ಒಳಗಿಳಿಯುವ ಕ್ರಮವನ್ನು ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ತಮ್ಮ ಹೆಂಡತಿ ಮೈತ್ರೇಯಿಗೆ ಹೇಳುತ್ತಾರೆ. ಶ್ರವಣ, ಮನನ, ನಿದಿಧ್ಯಾಸನ. ಕೇಳುವುದು, ಕೇಳಿದ್ದನ್ನು ಯುಕ್ತಿಯಿಂದ ತಿರುವಿ ಹಾಕಿ ಸಂಶಯ ಕಳೆದುಕೊಳ್ಳುವುದು, ಸಂಶಯ ಕಳೆದುದರಲ್ಲಿ ಮನಸ್ಸನ್ನು ನೆಲೆ ನಿಲ್ಲಿಸುವುದು. ಮೊದಲ ಮೆಟ್ಟಿಲೇ ಕೇಳುವುದು. ವೇದಕ್ಕೆ ನಮ್ಮವರು ಇಟ್ಟ ಹೆಸರೂ ಶ್ರುತಿ, ಕೇಳಿಬಂದದ್ದು.

ಒಮ್ಮೆ ಕೇಳಿದರೆ ಸಾಲದೇ ಎಂದರೆ ಶ್ವೇತಕೇತುವಿನ ಕಥೆ ಇದೆ. 12ನೆಯ ವಯಸ್ಸಿಗೆ ಗುರುಕುಲಕ್ಕೆ ಹೋಗಿ 24ಕ್ಕೆ ಮನೆಗೆ ಬಂದ ಹುಡುಗ. ವೇದಗಳನ್ನೆಲ್ಲ ಓದಿದ್ದ, ಜೊತೆಗೆ ಬಿಗುಮಾನವನ್ನೂ ತಂದಿದ್ದ. ತಂದೆ ಉದ್ದಾಲಕರು ಅವನನ್ನು ಬೈಯಲಿಲ್ಲ. ಒಂದು ರಾತ್ರಿ ಉಪ್ಪಿನ ಹರಳನ್ನು ನೀರಿಗೆ ಹಾಕಿಸಿದರು. ಬೆಳಗ್ಗೆ ‘ಆ ಉಪ್ಪು ತೆಗೆದುಕೊಡು’ ಎಂದರು. ತಡಕಿದರೆ ಸಿಗಲಿಲ್ಲ. ಮೇಲಿನ ನೀರು ಕುಡಿಸಿದರು, ನಡುವಿನದು ಕುಡಿಸಿದರು, ತಳದ್ದು ಕುಡಿಸಿದರು. ಎಲ್ಲೆಲ್ಲೂ ಉಪ್ಪು. ಕಣ್ಣಿಗೆ ಕಾಣದಿದ್ದರೂ ಇರುವ ವಸ್ತು ಇದೆ, ಅದನ್ನು ಅರಿಯುವ ಬಗೆ ಬೇರೆ ಎಂದು ನಾಲಗೆಯ ಮೇಲೆಯೇ ಪಾಠವಾಯಿತು. ಮತ್ತೊಮ್ಮೆ ಆಲದ ಹಣ್ಣು ತರಿಸಿ, ಒಡೆಸಿ, ಬೀಜವನ್ನೂ ಒಡೆಸಿ, ಏನೂ ಕಾಣದ ಆ ಸೂಕ್ಷ್ಮದಿಂದಲೇ ಮಹಾವೃಕ್ಷ ಎದ್ದಿದೆಯೆಂದು ತೋರಿಸಿದರು. ಹೀಗೆ ಬೇರೆ ಬೇರೆ ನಿದರ್ಶನ ಕೊಟ್ಟು, ಆ ಪರಮಸತ್ಯ ನೀನೇ ಎಂಬ ಒಂದೇ ಮಾತನ್ನು ಒಂಬತ್ತು ಸಲ ಹೇಳಿದರು. ಮಗ ಪ್ರತಿ ಸಲವೂ ‘ಇನ್ನೊಮ್ಮೆ ತಿಳಿಸಿ’ ಎಂದ, ತಂದೆ ಪ್ರತಿ ಸಲವೂ ‘ಆಗಲಿ ಮಗು’ ಎಂದರು. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯ ಶುರುವಾಗುವುದೇ ಈ ಪುನರಾವೃತ್ತಿಯ ವಿಚಾರದಿಂದ. ಅಲ್ಲಿ ಶಂಕರರು ಶ್ವೇತಕೇತುವನ್ನು ನೆನೆದು, ಒಮ್ಮೆಗೇ ತಿಳಿಯುವವರಿಗೆ ಮತ್ತೆ ಕೇಳುವ ಅಗತ್ಯವಿಲ್ಲ, ತಿಳಿಯದವರು ಮತ್ತೆ ಮತ್ತೆ ಕೇಳಬೇಕು ಎನ್ನುತ್ತಾರೆ. ಮತ್ತೊಮ್ಮೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ ಎಂದು ಶಾಸ್ತ್ರವೇ ಹೇಳಿದ ಹಾಗಾಯಿತು.

ಮನನ ಹೇಗೆ ಎಂಬುದಕ್ಕೆ ಒಂದು ಸಣ್ಣ ದಾರಿ ತೋರಿಸುತ್ತೇನೆ. ಈಗ ನನ್ನ ದನಿ ನಿಮಗೆ ಕೇಳುತ್ತಿದೆ. ದನಿ ಕೇಳುವ ವಸ್ತು, ಕಿವಿ ಅದನ್ನು ಗ್ರಹಿಸುವ ಸಾಧನ. ಕಿವಿ ಮಂದವಾಗಿದೆಯೋ ಚುರುಕಾಗಿದೆಯೋ ಎಂದು ಮನಸ್ಸಿಗೆ ಗೊತ್ತಾಗುತ್ತದೆ. ಅಂದಮೇಲೆ ಕಿವಿಯೂ ಮನಸ್ಸಿನ ಮುಂದೆ ಒಂದು ವಸ್ತು. ಮನಸ್ಸು ಈ ಕಡೆ ಇದೆಯೋ, ಒಲೆಯ ಮೇಲಿಟ್ಟ ಹಾಲಿನ ಕಡೆ ಹೋಯಿತೋ ಎಂಬುದೂ ನಿಮಗೆ ಗೊತ್ತಾಗುತ್ತದೆ. ಅಂದಮೇಲೆ ಮನಸ್ಸೂ ಒಂದು ವಸ್ತುವೇ. ಅದನ್ನೂ ಅರಿಯುತ್ತಿರುವ ಆ ನೀವು ಯಾರು? ಹೀಗೆ ಹಿಂದೆ ಹಿಂದೆ ಸರಿದು ಅರಿಯುವವನನ್ನೇ ಸಾಕ್ಷಿಯೆಂದು ಗುರುತಿಸುವುದು ದೃಗ್ದೃಶ್ಯ ವಿವೇಕ. ಬರೀ 12 ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಇದನ್ನೇ ಎಚ್ಚರ, ಕನಸು, ಗಾಢನಿದ್ದೆಗಳಿಗೆ ಹಚ್ಚಿ ನೋಡುತ್ತದೆ. ಎಚ್ಚರದ ಲೋಕ ಕನಸಿನಲ್ಲಿಲ್ಲ, ಕನಸಿನದು ನಿದ್ದೆಯಲ್ಲಿಲ್ಲ. ಬೆಳಗ್ಗೆ ಎದ್ದು ‘ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಎನ್ನುವವನು ಮೂರರಲ್ಲೂ ಇದ್ದಾನೆ.

ಇಲ್ಲಿಯವರೆಗೆ ನಾನು ಹೇಳಿದ್ದು ಅದ್ವೈತದ ದಾರಿ. ಜ್ಞಾನದ ಮಾತು ಬಂದಾಗ ಉಳಿದ ಆಚಾರ್ಯರನ್ನು ಬಿಟ್ಟರೆ ತಪ್ಪಾಗುತ್ತದೆ. ಮೇಲುಕೋಟೆಯಲ್ಲಿ ನೆಲೆಸಿ ನಮ್ಮ ನಾಡಿಗೂ ಸೇರಿದ ರಾಮಾನುಜರಿಗೆ, ಮೋಕ್ಷಕ್ಕೆ ಸಾಧನವಾದ ಜ್ಞಾನವೆಂದರೆ ಎಣ್ಣೆಯ ಧಾರೆಯಂತೆ ಕಡಿಯದ ಭಗವತ್‌ಸ್ಮರಣೆ. ಅದು ಮಾಗಿದರೆ ಭಕ್ತಿಯೇ. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು, ಭಗವಂತನ ಮಹಿಮೆಯನ್ನು ಅರಿತು ಹುಟ್ಟುವ ಗಟ್ಟಿ ಸ್ನೇಹವೇ ಭಕ್ತಿ ಎಂದರು. ಅರಿವಿಲ್ಲದ ಪ್ರೀತಿಗೆ ಅವರಲ್ಲಿ ಆ ಹೆಸರಿಲ್ಲ. ಜೀವ ಮತ್ತು ಬ್ರಹ್ಮದ ಸಂಬಂಧದಲ್ಲಿ ಮೂವರ ಸಿದ್ಧಾಂತವೂ ಬೇರೆ, ಆ ಭೇದ ಆಳವಾದದ್ದು. ಆದರೂ ಅರಿಯದೆ ದಾಟಬಹುದು ಎಂದು ಮೂವರಲ್ಲಿ ಒಬ್ಬರೂ ಹೇಳಲಿಲ್ಲ.

ಈ ಅರಿವು ಸಂಸ್ಕೃತ ಬಲ್ಲವರ ಪೆಟ್ಟಿಗೆಯಲ್ಲೇ ಉಳಿಯಬಾರದೆಂದು ದುಡಿದ ಕನ್ನಡಿಗರು ಬಹಳ. ಕೊಳ್ಳೇಗಾಲದ ಕಡೆಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದ ನಿಜಗುಣ ಶಿವಯೋಗಿಗಳು ‘ವಿವೇಕ ಚಿಂತಾಮಣಿ’, ‘ಪರಮಾನುಭವಬೋಧೆ’, ‘ಕೈವಲ್ಯ ಪದ್ಧತಿ’ಯಂಥ ಕೃತಿಗಳನ್ನು ಕನ್ನಡದಲ್ಲೇ ರಚಿಸಿದರು, ವೇದಾಂತ ಹಾಡಾಗಿ ಜನರ ಬಾಯಿಗೆ ಬಂತು. ಹುಬ್ಬಳ್ಳಿಯಲ್ಲಿ 1929ರವರೆಗೆ ಬದುಕಿದ್ದ ಸಿದ್ಧಾರೂಢರು ಜಾತಿ ಕೇಳದೆ ಬಂದವರಿಗೆಲ್ಲ ನಿಜಗುಣರ ಶಾಸ್ತ್ರ ಹೇಳಿದರು. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975) ಪೂರ್ವಾಶ್ರಮದಲ್ಲಿದ್ದಾಗಲೇ, 1920ರಲ್ಲಿ, ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಕಟ್ಟಿ, ಶಂಕರಭಾಷ್ಯಗಳನ್ನು ಸಾಮಾನ್ಯ ಓದುಗರ ಕೈಗೆ ನಿಲುಕುವ ಕನ್ನಡಕ್ಕೆ ತಂದರು. ಒಂದು ಜೀವಮಾನಕ್ಕೆ ಅದು ದೊಡ್ಡ ಕೆಲಸ.

ಉತ್ತರ ಕರ್ನಾಟಕದ ಒಂದು ಹಳ್ಳಿಯ ಮಠದಲ್ಲಿ ಶ್ರಾವಣಮಾಸದ ಪ್ರವಚನಕ್ಕೆ ನಾನೊಮ್ಮೆ ಹೋಗಿದ್ದೆ. ಅಂದು ಹೇಳಿದ್ದು ಇದೇ ಹತ್ತನೆಯವನ ಕಥೆ. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು, ಹೊಲದಿಂದ ನೇರವಾಗಿ ಬಂದವರು, ಮುಂದಿನ ಮಾತನ್ನೆಲ್ಲ ಮೊದಲೇ ಗುನುಗುತ್ತಿದ್ದರು. ಪ್ರವಚನ ಮುಗಿದ ಮೇಲೆ ‘ಯಜಮಾನರೆ, ಕಥೆ ನಿಮಗೆ ಬಾಯಿಪಾಠವೇ ಆಗಿದೆಯಲ್ಲ, ಆದರೂ ಕೇಳಲು ಬರುತ್ತೀರಾ’ ಎಂದೆ. ಅವರು ಹೇಳಿದರು: ‘ಕಥಿ ಗೊತ್ತೈತ್ರಿ. ಆದ್ರ ಎಣಸೂ ಮುಂದ ಇನ್ನೂ ನನ್ನ ಬಿಟ್ಟು ಎಣಸ್ತೀನಲ್ರಿ.’ ಶ್ರವಣವೂ ಮನನವೂ ಆಗಿ ನಿದಿಧ್ಯಾಸನದ ಹೊಸ್ತಿಲಲ್ಲಿ ನಿಂತವರ ಮಾತು ಅದು. ಅವತ್ತಿನಿಂದ ನಾನು ಯಾವ ವೇದಾಂತ ಗ್ರಂಥ ತೆರೆದರೂ ಆ ಮಾತು ಮೊದಲ ಪುಟದಲ್ಲಿ ಬಂದು ನಿಲ್ಲುತ್ತದೆ.

ಜ್ಞಾನವಾದರೆ ಸಂಸಾರ, ಕರ್ತವ್ಯ, ನೋವು ಎಲ್ಲ ಮಾಯವಾಗುತ್ತವೆಯೇ? ಇಲ್ಲಿ ‘ತೃಪ್ತಿದೀಪ’ ಬಹಳ ಪ್ರಾಮಾಣಿಕವಾದ ಒಂದು ಮಾತು ಹೇಳುತ್ತದೆ. ಹತ್ತನೆಯವನು ಸಿಕ್ಕಿದ ಕೂಡಲೇ ಅಳು ನಿಂತಿತು ನಿಜ. ಆದರೆ ಅಳುವಾಗ ತಲೆ ಚಚ್ಚಿಕೊಂಡಿದ್ದರಲ್ಲ, ಆ ಗಾಯ ತಕ್ಷಣ ಮಾಯಲಿಲ್ಲ. ಅದು ವಾಸಿಯಾಗಲು ಒಂದು ತಿಂಗಳು ಹಿಡಿಯಿತು. ಪ್ರಾರಬ್ಧದ ಗಾಯ ತನ್ನ ಕಾಲಕ್ಕೇ ಆರಬೇಕು. ಜ್ಞಾನಿಗೂ ಮಂಡಿನೋವು ಬರುತ್ತದೆ, ಆಪ್ತರು ಅಗಲುತ್ತಾರೆ, ಹಸಿವಾಗುತ್ತದೆ. ಆದರೆ ಕಳೆದುಹೋದವನು ಸಿಕ್ಕಿದ ಸಂತೋಷ ಆ ಗಾಯದ ಉರಿಯನ್ನು ಮರೆಸುತ್ತದೆ. ಆ ಹತ್ತು ಮಂದಿ ಅಲ್ಲೇ ಕೂರಲೂ ಇಲ್ಲ. ಎದ್ದು, ಬುತ್ತಿ ಹೊತ್ತು, ತಮ್ಮ ದಾರಿ ಹಿಡಿದಿರಬೇಕು. ಎಲ್ಲ ಮಿಥ್ಯೆಯೆಂದು ಹೇಳಿ ಮನೆಯವರ ಹೊಣೆಯಿಂದ ನುಣುಚಿಕೊಳ್ಳುವುದು ಜ್ಞಾನವಲ್ಲ. ವಿದೇಹದ ಜನಕ ರಾಜ್ಯವಾಳುತ್ತಲೇ ಜ್ಞಾನಿಯೆನಿಸಿಕೊಂಡ.

ಇಷ್ಟೆಲ್ಲ ವಿಚಾರ ನಮ್ಮ ಶಕ್ತಿಗೆ ಮೀರಿದ್ದು ಎನಿಸಿದವರಿಗೆ ಗೀತೆಯ ಅದೇ ಹದಿಮೂರನೆಯ ಅಧ್ಯಾಯದಲ್ಲಿ ಒಂದು ದೊಡ್ಡ ಭರವಸೆ ಇದೆ. ಧ್ಯಾನದಿಂದ ಕಾಣುವವರನ್ನು, ವಿಚಾರದಿಂದ ಕಾಣುವವರನ್ನು, ಕರ್ಮಯೋಗದಿಂದ ಕಾಣುವವರನ್ನು ಹೇಳಿ ಮುಗಿಸಿದ ಮೇಲೆ ಕೃಷ್ಣ ಇನ್ನೊಂದು ಗುಂಪನ್ನು ಮರೆಯದೆ ಕರೆಯುತ್ತಾನೆ. ತಾವಾಗಿ ಇದನ್ನೆಲ್ಲ ಅರಿಯಲಾರದೆ, ಬೇರೆಯವರಿಂದ ಕೇಳಿ, ಕೇಳಿದ್ದನ್ನೇ ಆಸರೆಯಾಗಿ ಹಿಡಿದು ಉಪಾಸನೆ ಮಾಡುವವರು. ಅವರೂ ಮೃತ್ಯುವನ್ನು ದಾಟುತ್ತಾರೆ ಎಂಬುದು ಭಗವಂತನ ಮಾತು. ಕೇಳುವವರಿಗೆ ಸಿಕ್ಕಿದ ಅಭಯ ಅದು. ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ಹೊಲದ ಬದುವಿನಲ್ಲಿ ಈಗ ಕಿವಿಗೊಟ್ಟಿರುವ ನೀವೆಲ್ಲ ಆ ಗುಂಪಿಗೆ ಸೇರಿದವರು, ನಾನೂ ಸೇರಿದವನು.

ಇನ್ನು ಕೆಲವು ಕ್ಷಣಗಳಲ್ಲಿ ನನ್ನ ಮಾತು ನಿಲ್ಲುತ್ತದೆ. ಸಾಧ್ಯವಾದರೆ ರೇಡಿಯೊವನ್ನು ಒಂದು ನಿಮಿಷ ಆರಿಸಿ. ಸದ್ದು ಇದ್ದಾಗ ಸದ್ದು ಗೊತ್ತಾಗುತ್ತಿತ್ತು. ಸದ್ದು ಹೋದ ಮೇಲೆ ನಿಶ್ಶಬ್ದವೂ ಗೊತ್ತಾಗುತ್ತದೆ. ಎರಡನ್ನೂ ಅರಿಯುವವರು ಒಬ್ಬರು ಆ ಕೋಣೆಯಲ್ಲಿ ಇದ್ದಾರೆ. ಇವತ್ತಿನ ಎಣಿಕೆಯನ್ನು ಅವರಿಂದಲೇ ಶುರುಮಾಡಿ.